ಗೋಡೆಯ ಈಚೆಗಿನ ಸ್ವಿಚ್ಚು

ಮನೆ ಪಾಲು ಮಾಡಲು ಕೂತಿದ್ದ ಐದು ಜನ ಹಿರಿಯರಿಗೆ ಹೊಲ ಅಳೆಯುವುದು ಗೊತ್ತಿತ್ತು, ಕಂಬ ತೊಲೆ ಹಂಚುವುದು ಗೊತ್ತಿತ್ತು, ಅಟ್ಟದ ಮೇಲಿನ ಹಂಡೆ ಕೊಡಗಳನ್ನು ಎರಡು ಗುಡ್ಡೆ ಮಾಡುವುದೂ ಗೊತ್ತಿತ್ತು. ವೈರಿಂಗಿನ ನೆನಪು ಮಾತ್ರ ಒಬ್ಬನಿಗೂ ಬರಲಿಲ್ಲ. ಕೊಟ್ಟೂರಿನ ಪಾತ್ರೆ ಅಂಗಡಿಯ ಗುರುಸಂಗಪ್ಪನಿಗೂ ಅವನ ತಮ್ಮ ಬಸವೇಶನಿಗೂ ಮನೆ ಹಂಚಿಕೊಟ್ಟು, ಉದ್ದನೆಯ ಪಡಸಾಲೆಯ ನಟ್ಟನಡುವೆ ಗೋಡೆ ಎಬ್ಬಿಸಲು ಗೌಂಡಿಗೆ ಹೇಳಿ, ಹೋಳಿಗೆ ಊಟ ಮುಗಿಸಿ ಎದ್ದು ಹೋದರು. ಬಜಾರದ ಕಡೆಯ ಮುಂಬಾಗಿಲು ಅಣ್ಣನಿಗೆ ಬಂತು. ಹಿಂದಿನ ಓಣಿಗೆ ಬಾಗಿಲಿದ್ದ ಅರ್ಧ ತಮ್ಮನಿಗೆ ಹೋಯಿತು. ಗೋಡೆ ಎದ್ದ ದಿನ ಸಂಜೆ ಕತ್ತಲಾದಾಗ ನೋಡುತ್ತಾರೆ, ತಮ್ಮನ ಪಡಸಾಲೆಯ ದೀಪದ ಸ್ವಿಚ್ಚು ಅಣ್ಣನ ಮುಂಬಾಗಿಲ ಪಕ್ಕದಲ್ಲೇ ಉಳಿದುಬಿಟ್ಟಿದೆ!

ಗೋಡೆ ಪೂರಾ ಮಾಡಿನವರೆಗೆ ಹೋಗಿರಲಿಲ್ಲ. ತೊಲೆಯ ಕೆಳಗೆ ಎರಡು ಗೇಣು ಜಾಗ ತೆರೆದೇ ಇತ್ತು. ಆ ಸಂಜೆ ಗುರುಸಂಗಪ್ಪ ಸಿಟ್ಟಿನಿಂದ ಮುಖ ಊದಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಾಗ, ಆಚೆ ಯಾರೋ ಕತ್ತಲಲ್ಲಿ ಕೊಡ ಎಡವಿದ ಸದ್ದಾಯಿತು. ಬಸವೇಶ "ಅಯ್ಯಪ್ಪಾ" ಎಂದು ನರಳಿದ್ದೂ ಕೇಳಿಸಿತು. ಗುರುಸಂಗಪ್ಪ ಎದ್ದು ಹೋಗಿ ಟಕ್ಕೆಂದು ಸ್ವಿಚ್ಚು ಒತ್ತಿದ. ಸಂದಿಯಿಂದ ಬೆಳಕು ಬಂದು ಈಚೆಯ ಜಂತಿಗಳ ಮೇಲೆ ಬಿತ್ತು.

ಅಂದಿನಿಂದ ಹನ್ನೊಂದು ವರ್ಷ. ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಮದುವೆ ಮುಂಜಿಗಳಲ್ಲಿ ಒಬ್ಬ ಉಂಡು ಎದ್ದ ಮೇಲೆ ಇನ್ನೊಬ್ಬ ಒಳಗೆ ಬರುತ್ತಿದ್ದ. ಆದರೆ ದಿನಾ ಸಂಜೆ ಆರೂವರೆಗೆ ಗುರುಸಂಗಪ್ಪ ಎಲ್ಲಿದ್ದರೂ ಮನೆಗೆ ಬಂದು ಆ ಸ್ವಿಚ್ಚು ಒತ್ತಿ, ಹತ್ತಿದ ಬೆಳಕಿಗೆ ಕೈ ಮುಗಿಯುತ್ತಿದ್ದ. ರಾತ್ರಿ ಊಟವಾದ ಮೇಲೆ ಬಸವೇಶ ಹಾಸಿಗೆಗೆ ಮೈ ಚಾಚುತ್ತ, ಇಡೀ ಓಣಿಗೆ ಕೇಳುವಂತೆ "ಶಿವ ಶಿವಾ" ಎನ್ನುತ್ತಿದ್ದ. ಅದು ಕೇಳಿದೊಡನೆ ಗುರುಸಂಗಪ್ಪ ಎದ್ದು ಆರಿಸುತ್ತಿದ್ದ. "ಬಸ್ಯಾ ಮಲಗಿದ" ಎಂದು ಹೆಂಡತಿಗೆ ಹೇಳಿ ತಾನೂ ಮಲಗುತ್ತಿದ್ದ. ಹೆಂಡತಿ ಅನ್ನದಾನಮ್ಮನಿಗೆ ಸಹ ಆ ಸ್ವಿಚ್ಚು ಮುಟ್ಟುವ ಹಕ್ಕಿರಲಿಲ್ಲ. ಅಮಾವಾಸ್ಯೆಗೆ ಉಜ್ಜಿನಿಯ ಗುಡಿಗೆ ಹೋದರೂ ಮಧ್ಯಾಹ್ನದ ಬಸ್ಸಿಗೇ ಓಡಿ ಬರುತ್ತಿದ್ದ ಮಹಾರಾಯ.

ಜಗಳ ಹತ್ತಿದ್ದು ಒಂದು ಕಪಾಳದ ಏಟಿಗೆ. ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಹಾಕುವ ಕೆಲಸ ಬಸವೇಶನದು. ಅವನ ಕೈ ಅಂಥ ಕೈ, ಸಣ್ಣ ಲೋಟದ ಅಂಚಿಗೂ ಮುತ್ತು ಪೋಣಿಸಿದಂತೆ ಅಕ್ಷರ ಕೊರೆಯುತ್ತಿದ್ದ. ಒಂದು ಸಲ ತಂಬ್ರಹಳ್ಳಿಯವರ ಮದುವೆಯ ಪಾತ್ರೆಗೆ ಹೆಣ್ಣಿನ ತಂದೆಯ ಹೆಸರು ಹಾಕುವ ಬದಲು ಗಂಡಿನ ತಂದೆಯ ಹೆಸರು ಹಾಕಿಬಿಟ್ಟ, ಅದೂ ಇಪ್ಪತ್ತೊಂದು ಪಾತ್ರೆಗೆ. ಬೀಗರ ಹೆಸರು ಕೆತ್ತಿಸಿ ಬೀಗರಿಗೇ ಕೊಡಬೇಕೇನು ಎಂದು ಹೆಣ್ಣಿನವರು ಅಂಗಡಿ ಮುಂದೆ ಕೂಗಾಡಿದರು. ಗುರುಸಂಗಪ್ಪ ಹಿಂದೆ ಮುಂದೆ ನೋಡಲಿಲ್ಲ, ಅವರೆಲ್ಲರ ಎದುರಿಗೇ ತಮ್ಮನ ಕೆನ್ನೆಗೆ ಬಾರಿಸಿದ. ನಲವತ್ತೊಂದು ವರ್ಷದ ಗಂಡಸು, ಕಾಲೇಜಿಗೆ ಹೋಗುವ ಮಗನಿದ್ದವನು! ಬಸವೇಶ ಕೈಯಲ್ಲಿದ್ದ ಹೆಸರು ಕೊರೆಯುವ ಮಿಷನ್ನು ಮೆಲ್ಲಗೆ ಕೆಳಗಿಟ್ಟ. ಅದರ ಪ್ಲಗ್ಗನ್ನು ಸಹ ಮರೆಯದೆ ಕಿತ್ತ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಗುರುಸಂಗಪ್ಪ ಕೆಟ್ಟವನೇನಲ್ಲ. ಅವನಿಗೆ ಪ್ರೀತಿ ಬಂದರೂ ಗದರಲೇ ಬೇಕು, ಭಯವಾದರೂ ಗದರಲೇ ಬೇಕು. ಮಗಳನ್ನು ಹಡಗಲಿಗೆ ಮದುವೆ ಮಾಡಿ ಕಳಿಸುವಾಗ ಎಲ್ಲರೂ ಅಳುತ್ತಿದ್ದರೆ, ಇವನು "ವ್ಯಾನಿನ ಬಾಗ್ಲ ಸರಿಯಾಗಿ ಹಾಕ್ರಲೇ" ಎಂದು ಬೀಗರ ಕಡೆಯವರಿಗೆ ಬೈದು ನಿಂತಿದ್ದ. ತಪ್ಪಾಯಿತು ಎನ್ನುವ ಒಂದು ಮಾತು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಹನ್ನೊಂದು ವರ್ಷ ಅದೊಂದು ಮಾತು ಹೊಟ್ಟೆಯಲ್ಲಿ ಕೂತು ಅವನನ್ನು ತಿನ್ನುತ್ತಿತ್ತು. ಸ್ವಿಚ್ಚು ಒತ್ತುವಾಗ ಮಾತ್ರ ಅವನಿಗೆ ಸ್ವಲ್ಪ ಹಗುರ. ತಮ್ಮ ಮನಸ್ಸು ಮಾಡಿದ್ದರೆ ಅರ್ಧ ದಿನದಲ್ಲಿ ಬೇರೆ ವೈರು ಎಳೆಸಿಕೊಳ್ಳಬಹುದಿತ್ತು. ಉಳಿದ ಕೋಣೆಗಳಿಗೆಲ್ಲ ಬೇರೆ ಮೀಟರು ಹಾಕಿಸಿಕೊಂಡಿದ್ದ. ಈ ಒಂದು ದೀಪ ಮಾತ್ರ ಬಿಟ್ಟಿದ್ದ. "ಅವಗೂ ಬೇಕಾಗೈತಿ, ಅದಕ್ಕ ಬಿಟ್ಟಾನ" ಎಂದು ಗುರುಸಂಗಪ್ಪ ನಂಬಿದ್ದ. ಇವತ್ತಲ್ಲ ನಾಳೆ ಮಾತು ಹತ್ತುತ್ತದೆ ಎನ್ನುವ ಆಸೆಗೆ ಅವನ ಹತ್ತಿರ ಇದ್ದದ್ದು ಇದೊಂದೇ ಆಧಾರ.

ಹೋದ ವರ್ಷ ಬಸವೇಶನ ಸೊಸೆ ಅರ್ಚನಾ ಅತ್ತ ಮನೆಗೆ ಸುಣ್ಣಬಣ್ಣ ಮಾಡಿಸಿ, ಧೂಳು ಬರುತ್ತದೆಂದು ಗೋಡೆಯ ಮೇಲಿನ ಸಂದಿಗೆ ಮಸುಕು ಗಾಜು ಕೂರಿಸಿದಳು. ಅವತ್ತಿನಿಂದ "ಶಿವ ಶಿವಾ" ಕೇಳಿಸದಾಯಿತು. ಕೆಮ್ಮು, ಕುಕ್ಕರಿನ ಸೀಟಿ, ಯಾವುದೂ ಇಲ್ಲ. ಬೆಳಕು ಮಾತ್ರ ಬರುತ್ತಿತ್ತು. ಗುರುಸಂಗಪ್ಪ ಒಂಬತ್ತು ಹೊಡೆಯುವವರೆಗೆ ಗಡಿಯಾರ ನೋಡುತ್ತ ಕೂತು ಅಂದಾಜಿನ ಮೇಲೆ ಆರಿಸತೊಡಗಿದ.

ಈ ಆಷಾಢದಲ್ಲಿ ಒಂದು ಬೆಳಿಗ್ಗೆ ವೈರಿಂಗ್ ಮಾಡುವ ಹುಲುಗಣ್ಣ ಟೆಸ್ಟರು ಜೇಬಿಗೆ ಸಿಗಿಸಿಕೊಂಡು ಮುಂಬಾಗಿಲಿಗೆ ಬಂದ.

"ಸಾವ್ಕಾರ್ರ, ಹತ್ತು ನಿಮಿಷದ ಕೆಲಸ ಐತ್ರಿ. ಆ ಕಡಿ ಪಡಸಾಲಿ ಲೈಟಿನ ವೈರು ಇಲ್ಲಿಂದ ಬಿಚ್ಚಬೇಕ್ರಿ. ತಮ್ಮಾರು ಹೊಸಾದು ಹಾಕ್ಸಾಕತ್ಯಾರ, ಸ್ಮಾರ್ಟ್ ಸ್ವಿಚ್ಚು."

"ಏನಪಾ ಹಂಗಂದ್ರ?"

"ಎದ್ದು ಹೋಗಿ ಒತ್ತೋದ ಬ್ಯಾಡ್ರಿ. ಫೋನಿನ್ಯಾಗ ಬೆರಳಿಟ್ರ ಹತ್ತತೈತಿ, ಬೆರಳಿಟ್ರ ಆರತೈತಿ. ನೀವು ಹರಪನಹಳ್ಳ್ಯಾಗ ಕುಂತು ಬೆರಳಿಟ್ರೂ ಇಲ್ಲಿ ಲೈಟು ಹತ್ತತೈತ್ರಿ."

"ಮನ್ಯಾಗ ಕುಂತಾಂವಗ ಎದ್ದು ನಾಕು ಹೆಜ್ಜಿ ಹಾಕಾಕ ಏನ್ ದಾಡಿ?" ಎಂದು ಗುರುಸಂಗಪ್ಪ ಗದರಿದ. ಹುಲುಗಣ್ಣ ಏನೋ ಹೇಳಲು ಬಾಯಿ ತೆರೆದು, ಅಣ್ಣತಮ್ಮಂದಿರ ನಡುವೆ ನನಗ್ಯಾಕೆ ಎಂದು ಸುಮ್ಮನಾದ. ಹನ್ನೊಂದು ವರ್ಷದ ಆಧಾರವನ್ನು ಒಬ್ಬ ಬಂದು ಹತ್ತು ನಿಮಿಷದ ಕೆಲಸ ಎನ್ನುತ್ತಾನಲ್ಲ! ಮರುಗಳಿಗೆಗೆ ಗುರುಸಂಗಪ್ಪನ ತಲೆಗೊಂದು ವಿಚಾರ ಬಂತು.

"ಹೋಗಿ ಹೇಳು ಅವಗ. ವೈರು ಬಿಚ್ಚಬೇಕಂದ್ರ ತಾನ ಬಂದು ಕೇಳ್ಲಿ."

ಹುಲುಗಣ್ಣ ಅದನ್ನು ಹೇಗೆ ಹೇಳಿದನೋ, ಬಸವೇಶ ಹೇಗೆ ಕೇಳಿಸಿಕೊಂಡನೋ ದೇವರಿಗೇ ಗೊತ್ತು. ಗುರುಸಂಗಪ್ಪನ ಮಟ್ಟಿಗೆ ಅದು ಕರೆಯೋಲೆ. ಕರೆಯುವ ರೀತಿ ಅವನಿಗೆ ಅದೊಂದೇ ಗೊತ್ತಿತ್ತು. ಅವತ್ತೇ ಹೆಂಡತಿಗೆ ಹೇಳಿದ, "ಮನ್ಯಾಗ ಮಂಡಕ್ಕಿ ಐತೇನು ನೋಡು. ಬಸ್ಯಾ ಬಂದ್ರ ಒಗ್ಗರಣಿ ಹಾಕು. ಅವಗ ಹಸಿ ಉಳ್ಳಾಗಡ್ಡಿ ಜಾಸ್ತಿ ಬೇಕು, ಮರಿಬ್ಯಾಡ." ಅನ್ನದಾನಮ್ಮ ಗಂಡನ ಮುಖವನ್ನೇ ನೋಡಿದಳು. ಎಷ್ಟೋ ವರ್ಷಕ್ಕೆ ಆ ಮುಖ ಗೆಲುವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಬಸವೇಶ ಬಂದ. ಗುರುಸಂಗಪ್ಪ ಸ್ನಾನ ಮುಗಿಸಿ ಪಂಚೆ ಸುತ್ತಿಕೊಂಡು, ಬರಿ ಮೈಯಲ್ಲಿ ಪಡಸಾಲೆಯಲ್ಲಿ ಕೂತಿದ್ದ. ತಲೆ ಎತ್ತಿದರೆ ಹೊಸ್ತಿಲಾಚೆ ತಮ್ಮ ನಿಂತಿದ್ದಾನೆ. ಕೂದಲು ಅರ್ಧ ಬೆಳ್ಳಗಾಗಿದೆ. ಚಪ್ಪಲಿ ಕಳಚಿ ಪಕ್ಕಕ್ಕೆ ಬಿಟ್ಟಿದ್ದಾನೆ, ಒಳಗೆ ಬರುವವನಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹನ್ನೊಂದು ವರ್ಷದ ಮೇಲೆ ಬಂದ ತಮ್ಮನೆದುರು ಹೀಗೆ ಬರಿ ಮೈಯಲ್ಲಿ ಕೂರುವುದೇ? ಗುರುಸಂಗಪ್ಪ ಗಡಬಡಿಸಿ ಎದ್ದವನೇ ಒಳಗೆ ಹೋದ. ಗೂಟದ ಮೇಲಿನ ಅಂಗಿ ಬೇಡವೆನಿಸಿ ಟ್ರಂಕಿನಿಂದ ಇಸ್ತ್ರಿಯ ಅಂಗಿ ತೆಗೆದ. ಗುಂಡಿಗಳು ಕಾಜಕ್ಕೆ ಹೋಗಲೊಲ್ಲವು. ಹಣೆಗೆ ವಿಭೂತಿ ಎಳೆದ. ಅಡುಗೆಮನೆಗೆ ಇಣುಕಿ "ಬಂದಾನ, ಮಂಡಕ್ಕಿ ಹಾಕು" ಎಂದು ಪಿಸುಗುಟ್ಟಿದ. ಹೊರಗೆ ಬಂದರೆ ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಚಪ್ಪಲಿಯೂ ಇರಲಿಲ್ಲ.

ಬಜಾರದವರೆಗೆ ಹೋಗಿ ನೋಡಿಬಂದ. ಅಯ್ಯೋ, ಒಂದು ಮಾತು, "ಕೂಡ್ರು, ಬಂದೆ" ಎಂದು ಒಂದೇ ಒಂದು ಮಾತು ಆಡಿ ಹೋಗಬಾರದಿತ್ತೇ ಈ ಮನುಷ್ಯ! ಅದು ಅವನಿಗೆ ಹೊಳೆಯಲೇ ಇಲ್ಲ. ಒಲೆಯ ಮೇಲೆ ಮಂಡಕ್ಕಿ ಬಿಸಿಯಾಗುತ್ತಿತ್ತು. "ಬರ್ತಾನ ಬಿಡು. ಸ್ವಿಚ್ಚಿನ ಕೆಲಸ ಇನ್ನೂ ಹಂಗ ಐತಲ್ಲ" ಎಂದು ಹೆಂಡತಿಗೆ ಹೇಳಿದ. ಇಸ್ತ್ರಿಯ ಅಂಗಿಯಲ್ಲೇ ಇಡೀ ದಿನ ಕೂತ.

ಸಂಜೆ ಆರೂವರೆಗೆ ಸ್ವಿಚ್ಚು ಒತ್ತಿದ. ಬೆಳಕು ಬರಲಿಲ್ಲ. ಮತ್ತೆ ಒತ್ತಿದ, ಮೇಲೆ ಕೆಳಗೆ ಹತ್ತಾರು ಸಲ ಮಾಡಿದ. ಟಕ್ ಟಕ್ ಸದ್ದು ಬಿಟ್ಟರೆ ಏನೂ ಇಲ್ಲ. ಅವರು ಈಚೆಯ ವೈರು ಬಿಚ್ಚುವುದನ್ನು ಕಾಯುತ್ತ ಕೂರದೆ, ಆಚೆಯಿಂದಲೇ ಕತ್ತರಿಸಿ ತಮ್ಮ ಮೀಟರಿಗೆ ಸೇರಿಸಿಕೊಂಡಿದ್ದರು. ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಂತೆಯೇ ಮಸುಕು ಗಾಜಿನಾಚೆ ಬೆಳಕು ತಾನಾಗಿ ಹತ್ತಿತು. ಗುರುಸಂಗಪ್ಪನಿಗೆ ಅಳು ಬಂತು. ಹೆಂಡತಿಗೆ ಕಾಣದಂತೆ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಆದರೆ ಮನಸ್ಸು ಎಂಥದ್ದು ನೋಡಿ. ಎರಡು ದಿನ ಊಟ ಬಿಟ್ಟವನು ಮೂರನೆಯ ದಿನ ಒಂದು ಲೆಕ್ಕ ಹಿಡಿದ. ದೀಪ ಹತ್ತುವುದು ಸರಿಯಾಗಿ ಆರೂವರೆಗೆ, ಆರುವುದು ಸರಿಯಾಗಿ ಒಂಬತ್ತಕ್ಕೆ, ತಾನು ಹಚ್ಚಿ ಆರಿಸುತ್ತಿದ್ದ ಹೊತ್ತಿಗೇ. "ಬಸ್ಯಾ ನನ್ನ ಟೈಮ್ ತಪ್ಪಿಸಿಲ್ಲ ನೋಡು" ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದ. ಗಾಜಿನ ಕಡೆಗೆ ಕುರ್ಚಿ ತಿರುಗಿಸಿಕೊಂಡು ದಿನಾ ಸಂಜೆ ಅಲ್ಲೇ ಕೂರತೊಡಗಿದ. ಬೆಳಕು ಬಂದಾಗ ಕೈ ಮುಗಿಯುವುದು, ಅದನ್ನು ನೋಡುತ್ತಲೇ ಊಟ ಮಾಡುವುದು, ಆರಿದಾಗ "ಬಸ್ಯಾ ಮಲಗಿದ" ಎನ್ನುವುದು. ಅನ್ನದಾನಮ್ಮ ಹೂಂ ಎನ್ನುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಹೀಗೆ ತಿಂಗಳು ಕಳೆಯಿತು. ಶ್ರಾವಣದ ಮೊದಲ ಸೋಮವಾರ ಗುರುಸಂಗಪ್ಪ ಅಂಗಡಿಯಲ್ಲಿ ಬಾಗಿಲು ಅರ್ಧ ಎಳೆದುಕೊಂಡು ಕೂತು, ತಮ್ಮ ಬಿಟ್ಟು ಹೋಗಿದ್ದ ಹಳೆಯ ಮಿಷನ್ನು ಹೊರಗೆ ತೆಗೆದ. ಒಂದು ಕಂಚಿನ ತಂಬಿಗೆ ತೊಡೆಯ ಮೇಲಿಟ್ಟುಕೊಂಡು "ಬಸವೇಶ" ಎಂದು ಕೊರೆದ. ಅವನ ಕೈಗೆ ಆ ಕೆಲಸ ಬಂದದ್ದಲ್ಲ. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ, ಮಳೆಯಲ್ಲಿ ಓಡುವ ಆಡಿನ ಮರಿಗಳಂತಾದವು. ತಮ್ಮ ನೋಡಿದರೆ ನಗುತ್ತಾನೆ, ನಗಲಿ ಬಿಡು ಎಂದುಕೊಂಡ. ನಾಲ್ಕು ಜನರ ಮುಂದೆ ಹೊಡೆದವನು ಅವನ ಬಾಗಿಲಿಗೆ ತಾನೇ ಹೋಗಬೇಕು. ಹನ್ನೊಂದು ವರ್ಷ ಬೇಕಾಯಿತು ಈ ತಿಳಿವಳಿಕೆಗೆ.

ಅವತ್ತು ಸಂಜೆ ದೀಪ ಹತ್ತಿದ್ದನ್ನು ಮನೆಯಲ್ಲಿ ಕಣ್ಣಾರೆ ನೋಡಿ, ತಮ್ಮ ಮನೆಯಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಹೊರಟ. ಅನ್ನದಾನಮ್ಮ "ಎಲ್ಲಿಗ್ರಿ?" ಎಂದಳು. ಅವನು ತಂಬಿಗೆ ತೋರಿಸಿ ನಕ್ಕ. ಅವಳು ಬಾಗಿಲವರೆಗೆ ಬಂದು "ಒಂದ್ ನಿಮಿಷ ನಿಲ್ರಿ" ಎನ್ನುವಷ್ಟರಲ್ಲಿ ಸಂದು ತಿರುಗಿ ಹೋಗಿದ್ದ.

ಹಿಂದಿನ ಓಣಿಯಲ್ಲಿ ತಮ್ಮನ ಬಾಗಿಲಿಗೆ ಬೀಗ ಹಾಕಿತ್ತು. ಕಿಟಕಿಯ ಪರದೆಯಾಚೆ ದೀಪ ಉರಿಯುತ್ತಿತ್ತು. ಶ್ರಾವಣ ಸೋಮವಾರ, ಎಲ್ಲರೂ ಗುಡಿಗೆ ಹೋಗಿರಬೇಕು ಎಂದುಕೊಂಡು ಕಟ್ಟೆಯ ಮೇಲೆ ಕೂತ. ಕಟ್ಟೆಯ ತುಂಬ ಧೂಳು. ಎದುರು ಮನೆಯ ಹಂಪಕ್ಕ ಹೊರಗೆ ಬಂದವಳು ಅವನನ್ನು ನೋಡಿ ಬೆರಗಾದಳು.

"ಗುರುಸಂಗಣ್ಣಾ! ಯಾರ್ನ ಕಾಯಾಕತ್ತೀಯಪಾ?"

"ಬಸ್ಯಾ ಎಷ್ಟೊತ್ತಿಗೆ ಬರ್ತಾನ?"

ಹಂಪಕ್ಕ ಸೆರಗಿನ ತುದಿ ಬಾಯಿಗೆ ಹಿಡಿದಳು. "ಅವ್ರು ಹಾವೇರಿಗೆ ಹೋಗಿ ತಿಂಗಳಾತಲ್ಲೋ ಯಣ್ಣಾ. ಅರ್ಚನಾಗ ಅಲ್ಲಿ ಸರ್ಕಾರಿ ಸಾಲಿ ನೌಕರಿ ಆತು, ಎಲ್ರೂ ಹೋದ್ರು. ಈ ಮನಿ ಮಾರಾಕ ಹೇಳ್ಯಾರಂತ. ನಿನಗ ಹೇಳಾಕಂತನ ಬಂದಿದ್ನಲ್ಲ, ಹೋಗೋ ಹಿಂದಿನ ದಿನ?"

ಗುರುಸಂಗಪ್ಪ ತಂಬಿಗೆಯನ್ನು ತೊಡೆಯ ಮೇಲೆ ತಿರುಗಿಸಿ ಹಿಡಿದ.

"ನಿಮ್ಮ ಮನಿಯಿಂದ ಬಂದು ಇದ ಕಟ್ಟಿ ಮ್ಯಾಲ ಕುಂತಿದ್ದ. 'ಅಣ್ಣ ನನ್ನ ಮಾರಿ ನೋಡಿ, ಬೆನ್ನು ತಿರುವಿ ಒಳಗ ಹ್ವಾದ ಹಂಪಕ್ಕ' ಅಂದ. ಸಣ್ಣ ಹುಡುಗನಂಗ ಅತ್ತ ನೋಡು."

"ಅಂಗಿ ಹಾಕ್ಕೊಳ್ಳಾಕ ಹೋಗಿದ್ನೆವ್ವಾ ನಾನು" ಎಂದ ಗುರುಸಂಗಪ್ಪ. ಹಂಪಕ್ಕನಿಗೆ ಅದು ಅರ್ಥವಾಗಲಿಲ್ಲ. ಅವನು ಕಿಟಕಿಯ ಕಡೆ ಕೈ ತೋರಿಸಿದ. "ಮತ್ತ ಆ ಲೈಟು?"

"ಅದಾ? ಬೀಗ ಹಾಕಿದ ಮನಿ, ಕಳ್ಳರ ಕಾಟ ಅಂತ ಆ ಫೋನಿನ ಸ್ವಿಚ್ಚು ಹಾಕ್ಸಿ ಹೋದ್ರು. ಹಾವೇರಿಯಾಗಿಂದನ ಹಚ್ಚತಾನ ಬಸವೇಶ. ಮಗ ಅದನ್ನ ಅದರಷ್ಟಕ್ಕ ಹತ್ತೋ ಹಂಗ ಮಾಡತೀನಿ ಅಂದ್ರ ಬ್ಯಾಡಂತಾನಂತ. ಆರೂವರಿ ಆತಂದ್ರ ಫೋನು ಹಿಡಕೊಂಡು ಕುಂದರತಾನಂತ. ಮಾವಗ ಅದೊಂದು ಪೂಜಿ ಆಗೈತಿ ಅಂತ ಅರ್ಚನಾ ಫೋನಿನ್ಯಾಗ ನಗಾಡತಿದ್ಲು."

ಮನೆಗೆ ಹೇಗೆ ಬಂದನೋ ಅವನಿಗೇ ನೆನಪಿಲ್ಲ. ಅನ್ನದಾನಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿನ ತಂಬಿಗೆ ನೋಡಿದ ಕೂಡಲೇ ಅವಳ ಕಣ್ಣು ತುಂಬಿದವು.

"ನಿನಗ ಗೊತ್ತಿತ್ತು" ಎಂದ.

"ಗೊತ್ತಿತ್ರಿ. ಅರ್ಚನಾ ಫೋನ್ ಮಾಡಿದ್ಲು. ಆ ಬೆಳಕು ನೋಡಕೋತ ಎರಡು ರೊಟ್ಟಿ ಜಾಸ್ತಿ ಉಣ್ಣತಿದ್ರಿ. ಹೆಂಗ ಹೇಳ್ಲಿ ನಾನು?"

ಅವನು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಗಾಜಿನ ಕಡೆ ನೋಡಿದ. ಅಲ್ಲಿ, ಹಾವೇರಿಯಲ್ಲಿ, ತಮ್ಮ ದಿನಾ ಆರೂವರೆಗೆ ಫೋನು ಹಿಡಿದು ಕೂರುತ್ತಾನೆ. ಕಳ್ಳರಿಗಾಗಿ ಯಾರು ಹಾಗೆ ಕೂರುತ್ತಾರೆ? ಬೆನ್ನು ತಿರುಗಿಸಿದನೆಂದು ಅತ್ತು ಹೋದವನು, ಅಣ್ಣನ ಜಂತಿಯ ಮೇಲೆ ಬೆಳಕು ಬೀಳಲೆಂದೇ ಹಚ್ಚುತ್ತಿದ್ದಾನೆ. ಇದಕ್ಕಿಂತ ಹೆಚ್ಚಿಗೆ ಇನ್ನೇನು ಹೇಳಬೇಕು ಅವನು?

"ಫೋನ್ ಹಚ್ಚು" ಎಂದ.

ಅನ್ನದಾನಮ್ಮ ನಂಬರು ಒತ್ತುವಷ್ಟರಲ್ಲಿ ಅವನು ಬಾಯೊಳಗೇ ಮಾತು ಕಟ್ಟಿಕೊಂಡ. ಬಸು, ನಂದು ತಪ್ಪಾತು. ಅವತ್ತು ನಾನು ಅಂಗಿ ಹಾಕ್ಕೊಳ್ಳಾಕ ಹೋಗಿದ್ದೆ. ಬಾರೋ, ಒಂದ್ಸಲ ಬಂದು ಹೋಗೋ. ಮೂರು ಮಾತು, ಇಷ್ಟೇ. ಅತ್ತ ಗಂಟೆ ಬಾರಿಸಿತು, ನಿಂತಿತು. "ಹಲೋ, ಅತ್ತಿಗ್ಯಾ" ಎಂದು ಬಸವೇಶನ ದನಿ. ಹನ್ನೊಂದು ವರ್ಷದಲ್ಲಿ ಕೊಂಚ ಒಡೆದ, ಆದರೆ ಅದೇ ದನಿ. ಅನ್ನದಾನಮ್ಮ "ನಿಮ್ಮಣ್ಣ ಮಾತಾಡ್ತಾರಂತ" ಎಂದು ಫೋನನ್ನು ಗಂಡನ ಕಿವಿಗೆ ಹಿಡಿದಳು.

ಅತ್ತ ಉಸಿರು ಕೇಳುತ್ತಿತ್ತು. ಕಟ್ಟಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲೊಲ್ಲದು. ಗುರುಸಂಗಪ್ಪ ಹೆದರಿದ. ಹೆದರಿದಾಗ ಅವನಿಗೆ ಬರುತ್ತಿದ್ದ ಮಾತು ಒಂದೇ ಜಾತಿಯದು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂಗುತ್ತಿದ್ದ ಅದೇ ಗಡಸು ಗಂಟಲಲ್ಲಿ ಅದು ಹೊರಗೆ ಬಂತು.

"ಏನ್ಲೇ ಬಸ್ಯಾ, ಮನ್ಯಾಗ ಯಾರೂ ಇಲ್ಲದಾಗ ಲೈಟು ಯಾಕ ಉರಸ್ತೀಯಲೇ ಸುಮ್ಸುಮ್ನ? ಬುದ್ಧಿ ಐತೇನು ನಿನಗ?"

"ಆತಣ್ಣ" ಎಂದ ಬಸವೇಶ. ಫೋನು ಕಟ್ಟಾಯಿತು.

ಅನ್ನದಾನಮ್ಮ ಹಣೆ ಹಣೆ ಬಡಿದುಕೊಂಡಳು. "ಏನಂದ್ರಿ ನೀವು? ಏನಂದ್ರಿ?" ಗುರುಸಂಗಪ್ಪ ಉತ್ತರ ಕೊಡುವ ಮೊದಲೇ ಗೋಡೆಯ ಮೇಲಿನ ಗಾಜು ಕಪ್ಪಾಯಿತು. ಜಂತಿಗಳ ಮೇಲಿನ ಬೆಳಕು ಹೋಯಿತು. ಆಗ ಗಂಟೆ ಇನ್ನೂ ಎಂಟೂ ಆಗಿರಲಿಲ್ಲ. ಹಿರಿಯ ಅಣ್ಣ ಆರಿಸು ಎಂದ, ತಮ್ಮ ಆರಿಸಿದ.

ಆಮೇಲೆ ಎಷ್ಟು ಸಲ ಹಚ್ಚಿದರೂ ಅತ್ತ ಫೋನು ಎತ್ತಲಿಲ್ಲ. ಅರ್ಚನಾ ಒಮ್ಮೆ ಎತ್ತಿ, "ಮಾವ ಮಾತಾಡಂಗಿಲ್ಲಂತ ದೊಡ್ಡತ್ತಿ. ಆ ಲೈಟಿನ ಸುದ್ದಿನ ಎತ್ತಬ್ಯಾಡ ಅಂದಾರ, ಫೋನಿನ್ಯಾಗಿಂದ ತೆಗೆಸಿಬಿಟ್ಟಾರ" ಎಂದು ಹೇಳಿ ಇಟ್ಟಳು. ಕಂಚಿನ ತಂಬಿಗೆಯನ್ನು ಅನ್ನದಾನಮ್ಮ ಗಂಡನ ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಹಾಕಿದಳು.

ಮರುದಿನ ಸಂಜೆ ಆರೂವರೆಗೆ ಗುರುಸಂಗಪ್ಪ ಎದ್ದು ಮುಂಬಾಗಿಲ ಪಕ್ಕಕ್ಕೆ ಹೋದ. ಅದರ ಮರುದಿನವೂ ಹೋದ. ಇವತ್ತಿಗೂ ಹೋಗುತ್ತಾನೆ. ಸ್ವಿಚ್ಚು ಒತ್ತಿ, ಮೇಲೆ ನೋಡುವ ಧೈರ್ಯ ಸಾಲದೆ, ಗೋಡೆಗೆ ಮುಖ ಮಾಡಿ ನಿಂತೇ ಕೇಳುತ್ತಾನೆ.

"ಹತ್ತಿತೇನು?"

ಅನ್ನದಾನಮ್ಮ ಗಾಜಿನ ಕಡೆ ನೋಡುತ್ತಾಳೆ.

"ಇಲ್ರಿ" ಎನ್ನುತ್ತಾಳೆ.